ಹೊರಬೀಡಿನ ದಿನ ಬಂದ ಪರೀಕ್ಷಕಿ

ಮಾರಮ್ಮ ಕೇಳಿದರೆ ಇಡೀ ಊರೇ ಎದ್ದು ಹೊರಗೆ ಹೋಗಬೇಕು. ಬಾಗೂರಿನಿಂದ ಒಳಗೆ, ಕೆರೆ ಏರಿ ದಾಟಿದರೆ ಸಿಗುವ ಬಿದರೆಕೊಪ್ಪಲಿನಲ್ಲಿ ಇದಕ್ಕೆ ಹೊರಬೀಡು ಅನ್ನುತ್ತಾರೆ. ದನಕರು, ಕೋಳಿ, ಹಾಸಿಗೆ ಹಿಡಿದ ಮುದುಕರು, ಹಸಿ ಬಾಣಂತಿ, ಯಾರೂ ಮನೆಯಲ್ಲಿ ಉಳಿಯುವ ಹಾಗಿಲ್ಲ. ಬೆಳಕು ಹರಿಯುವ ಮುಂಚೆ ಒಲೆಯ ಬೂದಿ ಬಳಿದು, ಬಾಗಿಲು ಎಳೆದುಕೊಂಡು, ಊರ ಹೊರಗಿನ ಹೊಂಗೆ ತೋಪಿಗೆ ಹೋಗಿ ಸೇರಬೇಕು. ಊರ ದಾರಿಗೆ ಅಡ್ಡಲಾಗಿ ಜಾಲಿ ಮುಳ್ಳು ಎಳೆಯುತ್ತಾರೆ. ಹೊತ್ತು ಮುಳುಗುವ ತನಕ ಊರು ಅಮ್ಮನದು. ಅವಳೊಬ್ಬಳೇ ಬೀದಿ ಬೀದಿ ಅಡ್ಡಾಡಿ, ಒಳಗೆ ಸೇರಿಕೊಂಡ ಕೇಡನ್ನೆಲ್ಲ ಗುಡಿಸಿ ಹಾಕುತ್ತಾಳೆ. ಗುಡಿಸುವವಳಿಗೆ ನಾವು ಅಡ್ಡ ನಿಲ್ಲಬಾರದಲ್ಲವೇ?

ಆ ಮಂಗಳವಾರ ಮುಂಜಾನೆ ತೋಪಿನಲ್ಲಿ ಒಲೆಗಳು ಹೊಗೆಯಾಡುತ್ತಿದ್ದವು. ಹಿಂದೆಲ್ಲ ಕೇರಿಯವರ ಒಲೆಗಳಿಗೆ ತೋಪಿನ ಆಚೆ ತುದಿ. ಈಗ ನಡುವಿನ ಅಂತರ ಕಡಿಮೆಯಾಗಿದೆ. ಇಲ್ಲವಾಗಿದೆ ಎಂದರೆ ಸುಳ್ಳಾದೀತು. ಆ ತುದಿಯಲ್ಲಿ, ತನ್ನ ರೇಸ್ ಸೈಕಲ್ಲನ್ನು ಮರಕ್ಕೆ ಒರಗಿಸಿ, ಶೋಭಿತಾ ಮಂಕಾಗಿ ಕೂತಿದ್ದಳು. ಅವಳ ಅಜ್ಜಿ ಮಾದಮ್ಮ ಮೂರು ಕಲ್ಲು ಹೂಡಿ ಎಸರಿಗೆ ನೀರಿಟ್ಟು, ಸೌದೆ ಊದುತ್ತ, "ಯಾಕ್ ಮಗ, ಇನ್ನೂ ಸುಸ್ತಾ? ಇನ್ನೊಂದ್ ಬಾಟ್ಲು ಆಕ್ಸುದ್ರೆ ಸರಿಯೋಯ್ತಿತ್ತು ಕಣ" ಅಂದಳು.

ಶೋಭಿತಾಳ ಎದೆಯೊಳಗೆ ಇದ್ದದ್ದೇ ಆ ಬಾಟ್ಲು.

ಅವಳು ರಸ್ತೆ ರೇಸಿನ ಸವಾರಳು. ಬಾಗೂರಿನಿಂದ ಹೊರಟರೆ ಚನ್ನರಾಯಪಟ್ಟಣ, ಹೊಳೆನರಸೀಪುರ, ಗೊರೂರಿನ ಅಣೆಕಟ್ಟಿನ ಏರು, ಒಮ್ಮೊಮ್ಮೆ ಅರಕಲಗೂಡಿನವರೆಗೂ ತುಳಿದು, ಹಾಸನ ಸುತ್ತಿ ಮನೆಗೆ ಬರುವಳು. ಹೋದ ವರ್ಷ ರಾಜ್ಯದ ರೇಸು ಗೆದ್ದ ಮೇಲೆ ಒಂದು ತಂಡ ಅವಳನ್ನು ಸಂಬಳಕ್ಕೆ ಸೇರಿಸಿಕೊಂಡಿತು. ಗೆದ್ದದ್ದೇ ತಡ, ಮಾತೂ ಹುಟ್ಟಿತು. ಹಿರೀಸಾವೆಯ ರಸ್ತೆಬದಿಯ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದವರು, ಅವಳ ಕಿವಿಗೆ ಬೀಳುವ ಹಾಗೆಯೇ, "ಮುದ್ದೆ ತಿಂದು ಇಂಗ್ ತುಳಿಯಕ್ಕಾಯ್ತದೇನ್ಲಾ? ಏನೋ ಏರ್ಸ್ಕಂಡವಳೆ" ಅಂದಿದ್ದರು. ಶೋಭಿತಾ ತಿರುಗಿ ನೋಡದೆ ಹೋಗಿದ್ದಳು. ಏರಿಸಿಕೊಂಡಿರಲಿಲ್ಲ, ಹಾಗಾಗಿ ತಿರುಗುವ ಅಗತ್ಯವೂ ಇರಲಿಲ್ಲ.

ಹೋದ ವಾರ ವಾಂತಿ, ಭೇದಿ ಹಿಡಿದು ಕಣ್ಣು ಬಿಡಲಾರದೆ ಮಲಗಿದ್ದಳು. ಮಾದಮ್ಮ ಆಟೋ ತರಿಸಿ ಬಾಗೂರಿನ ಡಾಕ್ಟರ ಬಳಿ ಹೊತ್ತೊಯ್ದಳು. ನಮ್ಮ ಕಡೆ ರೋಗ ಯಾವುದೆಂದು ಡಾಕ್ಟರು ಹೇಳುವ ಮುಂಚೆ ಔಷಧಿ ಯಾವುದೆಂದು ನಾವೇ ಹೇಳಿಬಿಡುತ್ತೇವೆ. "ಬಾಟ್ಲು ಆಕಿ ಸಾ" ಅಂದಳು ಮಾದಮ್ಮ. ಡಾಕ್ಟರು ಗ್ಲೂಕೋಸಿನ ದೊಡ್ಡ ಬಾಟಲಿ ತೂಗುಹಾಕಿದರು. ಅದು ಹನಿಹನಿಯಾಗಿ ಇಳಿದು ಮುಗಿಯುವವರೆಗೂ ಅಜ್ಜಿ ಮೊಮ್ಮಗಳ ಪಾದ ಒತ್ತುತ್ತ ಕೂತಿದ್ದಳು. ಸಂಜೆಗೆ ಹುಡುಗಿ ಎದ್ದು ಗಂಜಿ ಕುಡಿದಳು.

ಎದ್ದ ಮೇಲೆ ನೆನಪಾಯಿತು. ಸವಾರರು ಅಷ್ಟು ನೀರನ್ನು ನರದೊಳಗೆ ಬಿಡಿಸಿಕೊಳ್ಳುವಂತಿಲ್ಲ. ಅದು ಬರೀ ಗ್ಲೂಕೋಸಾದರೂ ಸರಿ. ಗೆಲ್ಲಲು ಮದ್ದು ತೆಗೆದುಕೊಂಡವರು ಅದನ್ನು ರಕ್ತದಿಂದ ತೊಳೆದು ಮರೆಮಾಚಲು ಇದೇ ದಾರಿ ಹಿಡಿದರು ಅಂತ, ಎಲ್ಲರಿಗೂ ಆ ದಾರಿ ಮುಚ್ಚಿದ್ದಾರೆ. ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿರಬೇಕು, ಇಲ್ಲವೇ ಅನುಮತಿ ಬೇಕು. ಇವಳಿಗೆ ಎರಡೂ ಇರಲಿಲ್ಲ. ಸಾಲದ್ದಕ್ಕೆ ಡಾಕ್ಟರು ಬಾಟಲಿಯೊಳಗೆ ಹಳದಿಯ ಏನನ್ನೋ ಚುಚ್ಚಿ ಸೇರಿಸಿದ್ದು ಮಸುಕಾಗಿ ನೆನಪಿತ್ತು.

ಹಿಂದಿನ ಸಂಜೆ ಕೋಚ್ ಅಭಿಷೇಕನಿಗೆ ಫೋನ್ ಮಾಡಿ ಎಲ್ಲ ಹೇಳಿದ್ದಳು. ಹಾಸನದ ಆ ಹುಡುಗ ಕೆಟ್ಟವನಲ್ಲ. "ನೀನು ತಪ್ಪು ಮಾಡಿಲ್ಲ, ಶೋಭಿ. ಆದ್ರೆ ರೂಲ್ಸಿಗೆ ಅದು ಗೊತ್ತಾಗಲ್ಲ. ಒಂದು ವಾರ ಟೆಸ್ಟಿನೋರ ಕೈಗೆ ಸಿಕ್ಕಬೇಡ. ಬಂದ್ರೂ ಮನೇಲಿ ಇರಬೇಡ. ವರ್ಷದಲ್ಲಿ ಮೂರು ಸಲ ಸಿಗದಿದ್ರೆ ತಾನೇ ಬ್ಯಾನ್ ಮಾಡೋದು? ನಿಂದು ಇನ್ನೂ ಒಂದೇ ಆಗಿರೋದು. ಇನ್ನೊಂದು ಆದ್ರೆ ಆಗ್ಲಿ" ಅಂದಿದ್ದ.

ಹಾಗೆ ಟೆಸ್ಟಿಗೆ ಬರುವವರು ಹೇಳಿ ಬರುವುದಿಲ್ಲ. ಪ್ರತಿದಿನ ಒಂದು ಗಂಟೆ ತಾನು ಎಲ್ಲಿರುತ್ತೇನೆಂದು ಸವಾರಳೇ ಫೋನಿನಲ್ಲಿ ಮುಂಚಿತವಾಗಿ ತಿಳಿಸಿರಬೇಕು. ಆ ಗಂಟೆಯಲ್ಲಿ ಬಂದು ಮೂತ್ರದ ಮಾದರಿ ಕೇಳಿದರೆ ಕೊಡಬೇಕು. ಶೋಭಿತಾ ಕೊಟ್ಟಿದ್ದು ಬೆಳಿಗ್ಗೆ ಆರರಿಂದ ಏಳು, ಬಿದರೆಕೊಪ್ಪಲಿನ ಮನೆ. ಹೊರಬೀಡಿನ ದಿನ ಊರಿನಲ್ಲಿ ಮನೆ ಅನ್ನುವುದೇ ಇರುವುದಿಲ್ಲ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ಹೊತ್ತು ಆಗತಾನೆ ಮೂಡಿತ್ತು. ಮುಳ್ಳಿನ ಹತ್ತಿರ ಕಾವಲಿದ್ದ ಯಜಮಾನ ದೇವರಾಜು ಪಂಚೆ ಎತ್ತಿ ಕಟ್ಟಿಕೊಂಡು ಬಿರಬಿರನೆ ತೋಪಿಗೆ ಬಂದರು. ಊರಿನ ಹಳೇ ಜಮೀನ್ದಾರರ ಮನೆಯವರು. ಕೇರಿಯ ಒಲೆಗಳ ಕಡೆ ಅವರು ಹಾಗೆ ನಡೆದು ಬಂದದ್ದು ಅಪರೂಪ. ಹೆಂಗಸರೆಲ್ಲ ಎದ್ದು ನಿಂತರು.

"ಧರ್ಮೇಂದ್ರ, ಎಲ್ಲವಳೆ ನಿನ್ ಮಗಳು?" ಎಂದು ಶೋಭಿತಾಳ ಅಪ್ಪನನ್ನು ಕೇಳಿದರು. "ಮುಳ್ಳಿನತ್ರ ಕಾರು ಬಂದು ನಿಂತದೆ ಕಣಯ್ಯ. ಮೈಸೂರಿನೋಳಂತೆ, ಒಂದು ಎಂಗಸು. ಕೈಲೊಂದು ಪೆಟ್ಗೆ. ಶೋಭಿತಾ ಮನೆ ಯಾವ್ದು ಅಂತಾಳೆ. ಪೋಲಿಯೋ ಅನಿಯೋಳೇನೋ ಅನ್ಕಂಡು, ಇಲ್ಲಿ ಮಕ್ಳೆಲ್ಲ ಆಚ್ಗೋಗವೆ ತಾಯಿ ಅಂದೆ. ಅಲ್ಲವಂತೆ. ಇವಳ ಉಚ್ಚೆ ಬೇಕಂತೆ!"

ತೋಪಿಗೆ ತೋಪೇ ಗೊಳ್ಳೆಂದು ನಕ್ಕಿತು.

"ಅದನ್ನ ಇಡ್ಕಂಡೋಗಕ್ಕೆ ಮೈಸೂರಿಂದ ಕಾರ್ ಮಾಡ್ಕಂಡ್ ಬಂದವಳಾ?" ಅಂದಳು ಪಕ್ಕದ ಒಲೆಯ ಕಮಲಾಕ್ಷಮ್ಮ. "ನಮ್ಮನೇದೂ ಕೊಡ್ತೀನಿ, ಬಿಂದಿಗೆ ತುಂಬ ತಕಂಡೋಗ್ಲಿ!"

ದೇವರಾಜು ಮಾತ್ರ ನಗಲಿಲ್ಲ. ದನಿ ತಗ್ಗಿಸಿದರು. "ನಂಗ್ಯಾಕೋ ಸರಿ ಕಾಣಾಕಿಲ್ಲ. ಸಿಕ್ಕುದ್ರೆ ಏನಾರಾ ತೊಂದ್ರೆ ಆಯ್ತದಾ ಮಗ? ಆಗಂಗಿದ್ರೆ ಏಳು. ಊರಲ್ಲಿ ಯಾರೂ ಇಲ್ಲ ಅಂತ ಏಳಿವ್ನಿ. ಅದ್ರಾಗೇನು ಸುಳ್ಳು? ಮುಳ್ಳಂತೂ ಎತ್ತಾಕಿಲ್ಲ. ಎಷ್ಟೊತ್ತು ನಿಂತಾಳು, ಬಿಸ್ಲೇರುದ್ರೆ ಓಯ್ತಾಳೆ. ರಾಜ್ಯ ಗೆದ್ದು ಬಂದೋಳು ನೀನು, ನಮ್ಮೂರ್ ಮಗ."

ಕೇರಿಯ ಹುಡುಗಿಯನ್ನು ದೇವರಾಜು ನಮ್ಮೂರ ಮಗು ಅಂದದ್ದು ಅವತ್ತೇ ಮೊದಲು. ಮಾದಮ್ಮನ ಕಣ್ಣು ಒದ್ದೆಯಾಯಿತು. "ಗಾಡಿ ತಳಗೆ ಒಣುಲ್ಲು ಅದೆ, ಅದ್ರೊಳಿಕ್ಕೆ ಮಲಿಕ್ಕ ಓಗವ್ವ" ಎಂದು ಮೊಮ್ಮಗಳ ತೋಳು ಹಿಡಿದೆಳೆದಳು.

ಊರಿಗೆ ಊರೇ ಮರೆಯಾಗಿ ನಿಲ್ಲಲು ಸಿದ್ಧವಿತ್ತು. ಕೋಚ್ ಹೇಳಿದ್ದನ್ನು ಅಮ್ಮನೇ ನಡೆಸಿಕೊಟ್ಟ ಹಾಗಿತ್ತು. ಇಷ್ಟು ಪ್ರೀತಿಯೊಳಗೆ ಬಚ್ಚಿಟ್ಟುಕೊಂಡರೆ ಅದನ್ನು ಮೋಸ ಅನ್ನುವವರು ಯಾರು? ಆದರೆ ಬಾಟಲಿ ಹಾಕಿಸಿದ್ದು ತಪ್ಪೆಂಬ ವಿಷಯ ಅಲ್ಲಿ ಕೂತವರಿಗೆ ಯಾರಿಗೂ ಗೊತ್ತಿರಲಿಲ್ಲ. ಹೊರಗೆ ಹೋಗಿ ನಿಂತರೆ ಆ ಹೆಂಗಸು ಮೊದಲು ಕೇಳುವುದೇ, ಈ ವಾರ ಏನಾದರೂ ಔಷಧಿ ತೆಗೆದುಕೊಂಡಿರಾ ಎಂದು. ನಿಜ ಹೇಳಿದರೆ ಸೈಕಲ್ಲು ಹೋಗಬಹುದು. ಅದಕ್ಕಿಂತ ಹೆಚ್ಚಾಗಿ, ಅದನ್ನು ಕಳೆದದ್ದು ತನ್ನ ಕೈಯೇ ಎಂದು ಅಜ್ಜಿಗೆ ಗೊತ್ತಾಗುತ್ತದೆ.

ಶೋಭಿತಾ ಅಪ್ಪನ ಮುಖ ನೋಡಿದಳು. ಧರ್ಮೇಂದ್ರ ಗೊರೂರಿನಲ್ಲಿ ನೀರಾವರಿ ಇಲಾಖೆಯ ನೌಕರ. ಬುದ್ಧನ ದೀಕ್ಷೆ ತೆಗೆದುಕೊಂಡವನು. ಹೊರಬೀಡು ತನ್ನ ನಂಬಿಕೆಯಲ್ಲದಿದ್ದರೂ ತಾಯಿಯ ಮನಸ್ಸು ನೋಯಿಸಲಾರದೆ ರಜೆ ಹಾಕಿ ಬಂದಿದ್ದ. ಮಾತು ಕಡಿಮೆ. ಮಗಳು ಅವನನ್ನು ಪಕ್ಕಕ್ಕೆ ಕರೆದು, ಬಾಟಲಿ, ಕೋಚ್, ರೂಲ್ಸು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಅವನು ಹೊಂಗೆ ಎಲೆಯೊಂದನ್ನು ಮಡಿಸುತ್ತ, ಬಿಡಿಸುತ್ತ ನಿಂತ. ಪ್ರತಿ ಭಾನುವಾರ ಮನೆಯಲ್ಲಿ ಬುದ್ಧನ ಪಟದ ಮುಂದೆ ಕೂತು ಪಂಚಶೀಲ ಹೇಳುತ್ತಾರೆ. ಕೊಲ್ಲಬಾರದು, ಕದಿಯಬಾರದು, ಕೆಟ್ಟ ನಡತೆ ಬಾರದು. ನಾಲ್ಕನೆಯದು ಸುಳ್ಳಾಡಬಾರದು.

"ನಾನೇನ್ ಏಳ್ಲಿ ಮಗ" ಅಂದ ಕೊನೆಗೆ. "ಬಚ್ಚಿಟ್ಕ ಅಂದ್ರೆ ನಾಳೆ ನಂಗೆ ನಿದ್ದೆ ಬರಾಕಿಲ್ಲ. ಓಗು ಅಂದ್ರೆ ಇವತ್ತೇ ಬರಾಕಿಲ್ಲ. ಆದ್ರೂ, ಭಾನುವಾರ ಏಳೋದ ಮಂಗಳವಾರ ಮರೆಯಕ್ಕಾಯ್ತದಾ?"

"ಅಜ್ಜಿಗೆ ಗೊತ್ತಾದ್ರೆ ಅಪ್ಪಾ?"

"ನಿಮ್ಮಜ್ಜಿ ನಾವನ್ಕಂಡಷ್ಟು ಮೆತ್ಗಿಲ್ಲ ಕಣ."

ಶೋಭಿತಾ ಗದ್ದೆಯ ಬದುವಿನ ಮೇಲೆ ಸೈಕಲ್ಲು ತಳ್ಳಿಕೊಂಡು ಮುಳ್ಳಿನ ಕಡೆ ನಡೆದಳು. ಆಮೇಲೆ ಅವಳು ಹೇಳಿಕೊಂಡದ್ದು ಇಷ್ಟು: ಗೊರೂರಿನ ಏರಿಗಿಂತ ಆ ಬದು ಉದ್ದವಿತ್ತು.

ಬಂದಿದ್ದವಳ ಹೆಸರು ನೀಲಾಂಬಿಕೆ. ನಡುವಯಸ್ಸು, ಹತ್ತಿ ಸೀರೆ, ಕೊರಳಲ್ಲಿ ಗುರುತಿನ ಚೀಟಿ. ಮುಳ್ಳಿನ ಈಚೆ ಕಾರಿಗೊರಗಿ ಗಡಿಯಾರ ನೋಡುತ್ತಿದ್ದಳು. ಹುಡುಗಿಯನ್ನು ಕಂಡು ಹುಬ್ಬೇರಿಸಿದಳು.

"ಶೋಭಿತಾ ಅಲ್ವಾ? ಬಂದ್ರಲ್ಲ! ಇಡೀ ಊರು ಖಾಲಿ ಮಾಡ್ಸಿ ಓಡಿಹೋಗಿದಾರೆ ಅಂತ ಬರೆಯೋಣ ಅಂತಿದ್ದೆ. ಇಷ್ಟು ವರ್ಷದ ಸರ್ವೀಸಲ್ಲಿ ಇಂಥದ್ದು ನೋಡಿಲ್ಲ."

"ಹೊರಬೀಡು ಮೇಡಂ. ಅಡ್ರೆಸ್ ಬದಲಾಯಿಸೋದು ಮರ್ತೋಯ್ತು."

"ಗಂಟೆ ಒಳಗೆ ಸಿಕ್ಕಿದೀರಿ, ಅದು ಸಾಕು. ನಡೀರಿ, ಮನೆಗೆ ಹೋಗೋಣ. ಬಾತ್ರೂಮ್ ಬೇಕು."

ಹಿಂದೆಯೇ ಓಡಿಬಂದಿದ್ದ ದೇವರಾಜು ಮುಳ್ಳಿನ ಮುಂದೆ ಕೈ ಚಾಚಿ ನಿಂತರು. "ಒಳಿಕ್ಕೆ ಬುಡಾಕಿಲ್ಲ ತಾಯಿ. ಕಾಲಿಟ್ರೆ ಊರಿಗೆ ಕೇಡು."

"ನನಗೆ ಮರೆ ಬೇಕು ಯಜಮಾನ್ರೇ. ನಾನೊಬ್ಬಳೇ ಜೊತೇಲಿದ್ದು ನೋಡಬೇಕು. ಅದು ನನ್ನ ರೂಲ್ಸು."

"ಇದು ನಮ್ ರೂಲ್ಸು."

ಇಬ್ಬರೂ ಒಂದು ಹೆಜ್ಜೆ ಸರಿಯಲಿಲ್ಲ. ಎರಡು ಕಡೆಯೂ ಹಟವಿರಲಿಲ್ಲ, ಭಕ್ತಿ ಇತ್ತು. ಒಬ್ಬರದು ಅಮ್ಮನ ಮೇಲೆ, ಇನ್ನೊಬ್ಬರದು ಕೆಲಸದ ಮೇಲೆ. ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದ ಮಾದಮ್ಮ ಇಬ್ಬರನ್ನೂ ನೋಡಿ, "ಅಯ್ಯೋ, ಮರೆ ಬೇಕಾ? ನಾವೇನ್ ಮರೆ ಇಲ್ದೆ ಇಷ್ಟ್ ದಿನ ಬದುಕ್ಬುಟ್ವಾ? ತೋಪಿಗೆ ಬಾರವ್ವ" ಅಂದಳು.

ತೋಪಿನ ಮೂಲೆಯಲ್ಲಿ, ನಾಲ್ಕು ಮರಗಳ ನಡುವೆ ಹೆಂಗಸರು ಸೀರೆ ಕಟ್ಟಿದರು. ಕಮಲಾಕ್ಷಮ್ಮನ ಹಸಿರು ಸೀರೆ, ಮಾದಮ್ಮನ ಬಿಳಿ ಸೀರೆ. ಒಂದು ಬದಿಗೆ ಬಟ್ಟೆ ಸಾಲದಾದಾಗ ದೇವರಾಜು ಅವರ ಹೆಂಡತಿ ಅನಸೂಯಮ್ಮ ತಮ್ಮ ಒಲೆಯ ಕಡೆಯಿಂದ ಹೊಸ ಜಮಖಾನ ತಂದು ಮಾತಿಲ್ಲದೆ ಕಟ್ಟಿ ಹೋದರು. ನೀಲಾಂಬಿಕೆ ಒಳಗೆ ಹೊಕ್ಕು ಸುತ್ತ ನೋಡಿ, "ನಮ್ಮ ಸ್ಟೇಡಿಯಂಗಿಂತ ಚೆನ್ನಾಗಿದೆ" ಅಂದಳು.

ಎಲ್ಲ ಸಿದ್ಧವಾಯಿತು. ಆದರೆ ಬರಬೇಕಾದ್ದು ಬರಲಿಲ್ಲ. ಭಯಕ್ಕೆ ಮೈ ಬಿಗಿದುಕೊಂಡುಬಿಟ್ಟಿತ್ತು. ಬರುವ ತನಕ ನೀಲಾಂಬಿಕೆ ಅವಳನ್ನು ಕಣ್ಣಿನಿಂದ ಬಿಡುವಂತಿಲ್ಲ. ಹುಡುಗಿ ಎದ್ದರೆ ತಾನೂ ಏಳುವಳು, ಕೂತರೆ ತಾನೂ ಕೂರುವಳು. "ಒಳ್ಳೆ ಕರುವಿನ್ ಇಂದೆ ಅಸು ಓದಂಗಾಯ್ತು" ಎಂದು ಯಾರೋ ಅಂದರು. ಶೋಭಿತಾ ನೀಲಾಂಬಿಕೆ ತಂದಿದ್ದ ಮೊಹರಿನ ಬಾಟಲಿಯ ನೀರನ್ನೇ ಕುಡಿದಳು. ಮಾದಮ್ಮ ಮಜ್ಜಿಗೆ ತಂದರೆ ನೀಲಾಂಬಿಕೆ ಬೇಡವೆಂದು ತಡೆದಳು.

ಬಿಸಿಲೇರಿ, ಮುದ್ದೆ ಬೆಂದು, ಹುರುಳಿ ಸಾರಿನ ಘಮ ಎದ್ದಿತು. ಮಾದಮ್ಮ ಎಲೆ ಹಾಕಿ ನೀಲಾಂಬಿಕೆಯನ್ನು ಕರೆದಳು.

"ಈಗ ಬೇಡಮ್ಮ."

ಮಾದಮ್ಮನ ಕೈ ಸೌಟಿನ ಮೇಲೆ ನಿಂತಿತು. "ನಮ್ ಒಲೆದು ಅಂತಲಾ?" ಅಂದಳು ಮೆಲ್ಲಗೆ.

ನೀಲಾಂಬಿಕೆಗೆ ಅರ್ಥವಾಗಲು ಸ್ವಲ್ಪ ಹೊತ್ತಾಯಿತು. ಅರ್ಥವಾದಾಗ ಅವಳ ಮುಖ ಕೆಂಪಾಯಿತು. "ಅಯ್ಯೋ ಇಲ್ಲಮ್ಮ. ಇವಳ ಕೆಲಸ ಮುಗಿಯೋ ಮುಂಚೆ ಇವಳ ಮನೆ ಊಟ ಉಂಡ್ರೆ ನಾಳೆ ಜನ ನನ್ನನ್ನ ಕೇಳ್ತಾರೆ. ಮುಗೀಲಿ. ಆಮೇಲೆ ಮೊದಲ ಮುದ್ದೆ ನಂದು. ಎತ್ತಿಡಿ."

ಆ ಮಾತಿಗೋ, ನೀರಿಗೋ, ಶೋಭಿತಾ ಎದ್ದು ನಿಂತಳು. ಇಬ್ಬರೂ ಸೀರೆಯ ಮರೆಗೆ ಹೋದರು. ಹೊರಗೆ ಹೆಂಗಸರು ಮದುವೆ ಮನೆಯಲ್ಲಿ ಮುಹೂರ್ತ ಕಾಯುವವರಂತೆ ಮಾತು ನಿಲ್ಲಿಸಿ ಕಾದರು. ಪುಟ್ಟ ಗಾಜಿನ ಸೀಸೆಗಳೆರಡು ತುಂಬಿ ಹೊರಬಂದಾಗ ಕಮಲಾಕ್ಷಮ್ಮ ತಡೆಯಲಾರದೆ, "ಉಘೇ ಮಾರಮ್ಮ!" ಅಂದುಬಿಟ್ಟಳು.

ಸೀಸೆಗೆ ಬಿರಡೆ ಬಿಗಿದ ಮೇಲೆ ನೀಲಾಂಬಿಕೆ ಮೊಣಕಾಲಿನ ಮೇಲೆ ಕಾಗದವಿಟ್ಟುಕೊಂಡು ಕೇಳಿದಳು. "ಕಳೆದ ಏಳು ದಿನದಲ್ಲಿ ಏನಾದ್ರೂ ಔಷಧಿ, ಇಂಜೆಕ್ಷನ್, ಟಾನಿಕ್?"

ಮಾದಮ್ಮ ಪಕ್ಕದಲ್ಲೇ ಕೂತಿದ್ದಳು. ಶೋಭಿತಾ ಅಜ್ಜಿಯ ಕಡೆ ನೋಡಲಿಲ್ಲ.

"ಡ್ರಿಪ್ ಹಾಕಿಸ್ಕೊಂಡೆ ಮೇಡಂ. ಹೋದ ಬುಧವಾರ. ವಾಂತಿ ಭೇದಿ ಆಗಿತ್ತು. ಪೂರ್ತಿ ಬಾಟ್ಲು. ಅದರೊಳಗೆ ಹಳದಿ ಏನೋ ಹಾಕಿದ್ರು, ಏನು ಅಂತ ಗೊತ್ತಿಲ್ಲ. ಆಸ್ಪತ್ರೇಲಿ ಅಡ್ಮಿಟ್ ಆಗಿರಲಿಲ್ಲ. ಅದು ತಪ್ಪು ಅಂತ ನಂಗೊತ್ತು."

ನೀಲಾಂಬಿಕೆಯ ಪೆನ್ನು ನಿಂತಿತು. "ಇದನ್ನ ಬರೆದ್ರೆ ವಿಚಾರಣೆ ಆಗುತ್ತೆ ಮಗು. ಗೊತ್ತಲ್ವಾ?"

"ಬರೀರಿ ಮೇಡಂ."

ಮಾದಮ್ಮ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದಳು. "ಏನು? ಬಾಟ್ಲು ಆಕ್ಸುದ್ರೆ ತಪ್ಪಾ?"

ಧರ್ಮೇಂದ್ರ ಹತ್ತಿರ ಬಂದು ತಾಯಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ನಾಲ್ಕು ಮಾತಿನಲ್ಲಿ ಬಿಡಿಸಿ ಹೇಳಿದ. ಮಾದಮ್ಮ ಕೇಳಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಾಳೆಂದು ಶೋಭಿತಾ ಉಸಿರು ಹಿಡಿದಳು. ಮಾದಮ್ಮ ಅಳಲಿಲ್ಲ, ಬೆರಳಿನಿಂದ ಆ ಕಾಗದ ತೋರಿಸಿದಳು.

"ಅದ್ರಾಗೆ ನನ್ ಎಸ್ರೂ ಬರಕಳವ್ವ. ಮಾದಮ್ಮ. ಕರ್ಕಂಡೋಗಿದ್ದು ನಾನು, ಬಾಟ್ಲು ಆಕಿ ಅಂದಿದ್ದು ನಾನು. ಮಗಿಗೆ ಕಣ್ಣೇ ಬುಡಕ್ಕಾಗ್ತಿರ್ಲಿಲ್ಲ. ಸಾಯ್ತದೆ ಅನ್ಕಂಡೆ. ಯಾರಾರಾ ಕೇಳುದ್ರೆ ಬಾಗೂರ್ಗೂ ಬತ್ತೀನಿ, ಡೆಲ್ಲಿಗೂ ಬತ್ತೀನಿ." ಆಮೇಲೆ ಮೊಮ್ಮಗಳ ತಲೆಗೊಂದು ಮೊಟಕಿದಳು. "ಇಷ್ಟ್ ದಿನ ಒಬ್ಳೇ ಒತ್ಕಂಡಿದ್ಯಾ, ಮೂದೇವಿ? ನಂಗೆ ಏಳಕ್ಕೇನಾಗಿತ್ತು ರೋಗ?"

ಆಗ ಶೋಭಿತಾ ಅತ್ತಳು. ನಗುತ್ತ ಅತ್ತಳು. ಹಸಿವೆಯಾಗುತ್ತಿದೆ ಎಂದು ಆರು ದಿನದ ಮೇಲೆ ಮೊದಲ ಬಾರಿಗೆ ಅವಳಿಗೆ ತಿಳಿಯಿತು. ಮುಂದೆ ಏನಾಗುತ್ತದೋ ಗೊತ್ತಿರಲಿಲ್ಲ. ಆದರೂ ದೇಹ ಹಗುರವಾಗಿತ್ತು. ಸತ್ಯ ಹೇಳಿದವರಿಗೆ ದೇವರು ಕೂಡಲೇ ಕೊಡುವ ಫಲ ಇಷ್ಟೇ ಇರಬೇಕು, ಉಣ್ಣಲು ಮನಸ್ಸಾಗುವುದು.

ನೀಲಾಂಬಿಕೆ ಬರೆದಳು, ಮಾದಮ್ಮನ ಹೆಸರನ್ನೂ ಬರೆದಳು. ಪೆಟ್ಟಿಗೆಗೆ ಬೀಗ ಹಾಕಿದಳು. "ತೀರ್ಮಾನ ನಂದಲ್ಲ. ನಾನು ತಗೊಂಡುಹೋಗೋಳು, ಅಷ್ಟೆ" ಅಂದಳು. ಕೈ ತೊಳೆದು ಬಂದು ಮಾದಮ್ಮನ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಎತ್ತಿಟ್ಟ ಮುದ್ದೆಯನ್ನು ಮುರಿದು ಸಾರಿನಲ್ಲಿ ಅದ್ದಿ ನುಂಗಿದಳು. ದೇವರಾಜು ದೂರದಿಂದ ನೋಡಿದರು. ಏನನ್ನಿಸಿತೋ, ಬಂದು ಅವಳ ಎದುರಿಗೆ ಕೂತು, "ನಂಗೂ ಒಂಚೂರು ಬುಡು ಮಾದಮ್ಮ" ಅಂದರು. ಮಾದಮ್ಮ ಸೌಟು ಎತ್ತಿದಳು. ಆ ಹೊತ್ತಿಗೆ ಅದನ್ನು ದೊಡ್ಡ ವಿಷಯ ಮಾಡಲು ಯಾರಿಗೂ ಪುರುಸೊತ್ತಿರಲಿಲ್ಲ. ಎಲ್ಲರಿಗೂ ಹಸಿವಾಗಿತ್ತು.

ಮೂತ್ರದಲ್ಲಿ ಏನೂ ಇಲ್ಲವೆಂದು ಕೆಲವು ವಾರಗಳ ಮೇಲೆ ತಿಳಿಯಿತು. ಹಳದಿಯದು ಬರೀ ವಿಟಮಿನ್ ಎಂದು ಡಾಕ್ಟರು ಬರೆದು ಕೊಟ್ಟರು. ಬಾಟಲಿಯ ವಿಚಾರಣೆ ಮಾತ್ರ ಎಳೆಯಿತು. ಅಷ್ಟು ದಿನ ಶೋಭಿತಾ ರೇಸಿಗೆ ಹೋಗಲಿಲ್ಲ. ಹಿರೀಸಾವೆಯ ಹೋಟೆಲಿನವರು, "ನಾ ಏಳಿರ್ಲಿಲ್ವಾ?" ಅಂದುಕೊಂಡರು. ವಿಚಾರಣೆ ಫೋನಿನ ಪರದೆಯ ಮೇಲೆಯೇ ನಡೆಯಿತು. ಕರೆದಿದ್ದು ಶೋಭಿತಾಳನ್ನು, ಮಾದಮ್ಮ ಕರೆಯದೆಯೇ ಪಕ್ಕದಲ್ಲಿ ಬಂದು ಕೂತಳು. ಪರದೆಯೊಳಗಿನ ಮೂವರು ದೊಡ್ಡವರಿಗೆ, ಭಾಷೆ ತಿಳಿಯುತ್ತದೋ ಇಲ್ಲವೋ ಎಂದು ನೋಡದೆ, ಆ ದಿನ ಹುಡುಗಿಯ ನಾಲಿಗೆ ಹೇಗೆ ಒಣಗಿತ್ತು, ಕಣ್ಣು ಹೇಗೆ ಮೇಲಕ್ಕೆ ಸಿಕ್ಕಿಕೊಂಡಿತ್ತು ಎಂದು ಕೈಯಾಡಿಸಿ ತೋರಿಸಿದಳು.

ತೀರ್ಪು ಬಂದ ದಿನ ಅಭಿಷೇಕನೇ ಹಾಸನದಿಂದ ಬೈಕಿನಲ್ಲಿ ಬಂದ. ಪ್ರಾಣಾಪಾಯದ ಸ್ಥಿತಿಯೆಂದು ಒಪ್ಪಿದ್ದಾರೆ, ತಾನಾಗಿ ಹೇಳಿದ್ದನ್ನು ಮೆಚ್ಚಿದ್ದಾರೆ. ಒಂದು ಎಚ್ಚರಿಕೆ, ನಿಷೇಧ ಇಲ್ಲ. ಹೇಳಿ ಮುಗಿಸಿ ಅವನು ಜಗುಲಿಯ ಮೇಲೆ ಕೂತ.

"ನಾನು ಹೇಳಿದ್ದು ಕೇಳಿದ್ರೆ ನೀನು ಇವತ್ತು ಇನ್ನೂ ಬಚ್ಚಿಟ್ಕೊಂಡೇ ಇರ್ತಿದ್ದೆ" ಅಂದ.

"ನಾನೊಬ್ಬಳೇ ಅಲ್ಲ ಸಾ, ಊರೆಲ್ಲ ಬಚ್ಚಿಟ್ಕೊಂಡಿರ್ತಿತ್ತು" ಅಂದಳು ಶೋಭಿತಾ.

ಮಾರನೆಯ ಬೆಳಿಗ್ಗೆ ಆರು ದಾಟಿ, ಏಳಾಗಿ, ಎಂಟೂ ಆಯಿತು. ದಿನಾ ಮೂಡಲು ಕೆಂಪಾಗುವ ಮುಂಚೆ ಹಾಸಿಗೆ ಬಿಡುತ್ತಿದ್ದವಳು ಏಳಲೇ ಇಲ್ಲ. ಸುದ್ದಿ ಕೇಳಿ ಬಾಳೆಗೊನೆ ಹಿಡಿದು ಬಂದ ಕಮಲಾಕ್ಷಮ್ಮ ಬೀದಿಯಿಂದಲೇ ಕೂಗಿದಳು. ಬಾಗಿಲಿಗೆ ಅಡ್ಡ ಕೂತಿದ್ದ ಮಾದಮ್ಮ ತುಟಿಯ ಮೇಲೆ ಬೆರಳಿಟ್ಟಳು.

"ಮೆತ್ಗೆ ಕಣೆ. ಮಲಗವಳೆ. ಮಗ ಎಷ್ಟೋ ದಿನದ್ ಮ್ಯಾಲೆ ಗೊರಕೆ ಒಡೀತಾ ಅದೆ."

ಇಬ್ಬರೂ ಹೊಸಿಲಿನ ಎರಡು ಕಡೆ ಕೂತು, ಒಳಗಿನ ಆ ಸದ್ದನ್ನು ಕೇಳುತ್ತ, ಅಂಗಳಕ್ಕೆ ಬಂದ ಕೋಳಿಗಳನ್ನು ಸದ್ದಿಲ್ಲದೆ ಸೆರಗಿನಿಂದ ಅಟ್ಟುತ್ತಿದ್ದರು.